ಮೋಡ ನೋಡಿ, ರಾತ್ರಿ ಎಣಿಸಿ: ಧ್ರುವಪ್ರಭೆಯ ಪ್ರವಾಸಕ್ಕೆ ಹೊರಡುವವರಿಗೆ

ಪ್ರವಾಸ ಕುರಿತ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಧ್ರುವಪ್ರಭೆಯನ್ನು, ಅಂದರೆ ನಮ್ಮಲ್ಲಿ ಹೆಚ್ಚಿನವರು ನಾರ್ದರ್ನ್ ಲೈಟ್ಸ್ ಎಂದೇ ಕರೆಯುವ ಆ ಬೆಳಕನ್ನು, ನೋಡಲು ಹೊರಟವರ ಪ್ರಶ್ನೆಗಳು ಈಗ ಪ್ರತಿ ತಿಂಗಳೂ ಇರುತ್ತವೆ. ಬಹಳಷ್ಟು ಮಂದಿಗೆ ಇದು ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಜೀವಮಾನಕ್ಕೊಮ್ಮೆ ಕೈಗೊಳ್ಳುವ ಪ್ರವಾಸ. ಅದು ಕೈತಪ್ಪಿದರೆ ಆಗುವ ಬೇಸರ ಸಣ್ಣದಲ್ಲ. ಆದ್ದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬರುವ ಡಿಸೆಂಬರ್ ಕೊನೆಯ ವಾರ ನಮ್ಮ ಮದುವೆಯ ಇಪ್ಪತ್ತೈದನೆಯ ವಾರ್ಷಿಕೋತ್ಸವ. ಪ್ರವಾಸ ಏಜೆಂಟರೊಬ್ಬರು ಹತ್ತು ದಿನಗಳಲ್ಲಿ ನಾಲ್ಕು ದೇಶ ತೋರಿಸುವ ಪ್ಯಾಕೇಜ್ ಹೇಳಿದ್ದಾರೆ. ಅದರಲ್ಲಿ ನಾರ್ವೆಯ ಟ್ರೋಮ್ಸೊದಲ್ಲಿ ಒಂದು ರಾತ್ರಿ ಇದೆ. ಆ ರಾತ್ರಿ ಧ್ರುವಪ್ರಭೆ ತೋರಿಸುವುದು ಗ್ಯಾರಂಟಿ ಎನ್ನುತ್ತಾರೆ. ಮುಂಗಡ ಕಟ್ಟಬಹುದೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ದಯವಿಟ್ಟು ಕಟ್ಟಬೇಡಿ. ಧ್ರುವಪ್ರಭೆಯ ವಿಷಯದಲ್ಲಿ ಗ್ಯಾರಂಟಿ ಕೊಡಬಲ್ಲವರು ಯಾರೂ ಇಲ್ಲ. ಒಂದೇ ರಾತ್ರಿಗೆ ಕೊಡುವ ಗ್ಯಾರಂಟಿಗಂತೂ ಯಾವ ಅರ್ಥವೂ ಇಲ್ಲ.

ಕಾರಣ ಇಷ್ಟು. ಭೂಮಿಯ ಉತ್ತರದ ಕಾಂತಧ್ರುವವನ್ನು ಬಳೆಯಂತೆ ಸುತ್ತುವರಿದ ಒಂದು ವಲಯದಲ್ಲಿ ಈ ಬೆಳಕು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಸೂರ್ಯನಿಂದ ಸದಾ ಬೀಸುತ್ತಿರುವ ಸೌರಮಾರುತವು ಭೂಮಿಯ ಕಾಂತಕ್ಷೇತ್ರಕ್ಕೆ ಶಕ್ತಿ ತುಂಬುತ್ತದೆ. ಆ ಶಕ್ತಿಯಿಂದ ವೇಗ ಪಡೆದ ಎಲೆಕ್ಟ್ರಾನುಗಳು ವಾತಾವರಣದ ಮೇಲ್ಭಾಗಕ್ಕೆ ಧುಮುಕಿ, ಸುಮಾರು 100 ಕಿಲೋಮೀಟರಿನಿಂದ 300 ಕಿಲೋಮೀಟರ್ ಎತ್ತರದಲ್ಲಿರುವ ಆಮ್ಲಜನಕ ಮತ್ತು ಸಾರಜನಕವನ್ನು ಹೊಳೆಯುವಂತೆ ಮಾಡುತ್ತವೆ. ಟ್ರೋಮ್ಸೊ ಇರುವುದು ಸರಿಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಆ ಬಳೆಯ ನೇರ ಕೆಳಗೆ. ಹಾಗಾಗಿ ಚಳಿಗಾಲದ ಹೆಚ್ಚಿನ ರಾತ್ರಿಗಳಲ್ಲಿ ಅಲ್ಲಿನ ಆಕಾಶದಲ್ಲಿ ಬೆಳಕೇನೋ ಇದ್ದೇ ಇರುತ್ತದೆ. ಆದರೆ ಮೋಡವಿರುವುದು ನೆಲದಿಂದ ಕೆಲವೇ ಕಿಲೋಮೀಟರ್ ಮೇಲೆ, ನಮಗೂ ಬೆಳಕಿಗೂ ನಡುವೆ. ಸೂರ್ಯನಲ್ಲಿ ಎಂಥ ಬಿರುಗಾಳಿ ಎದ್ದಿದ್ದರೂ ಊರ ಮೇಲೆ ಮೋಡ ಮುಚ್ಚಿದ್ದರೆ ಏನೂ ಕಾಣುವುದಿಲ್ಲ.

ನನ್ನ ಮೊದಲ ಪ್ರವಾಸದಲ್ಲಿ ಆದದ್ದು ಇದೇ. ಟ್ರೋಮ್ಸೊದಲ್ಲಿ ಮೂರು ರಾತ್ರಿ ಇದ್ದೆ, ಮೂರು ರಾತ್ರಿಯೂ ಮಳೆ ಬೆರೆತ ಹಿಮ ಸುರಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೊರಟಾಗ ಪಶ್ಚಿಮದಿಂದ ಆಕಾಶ ತೆರೆದುಕೊಳ್ಳುತ್ತಿತ್ತು. ಅದೇ ಹೋಟೆಲಿನಲ್ಲಿ ಐದು ರಾತ್ರಿಗೆ ಬಂದಿದ್ದ ಪುಣೆಯ ಕುಟುಂಬವೊಂದು ಆ ರಾತ್ರಿ ಊರ ಹೊರಗೆ ನಿಂತು ಎರಡು ತಾಸು ನೋಡಿದ್ದನ್ನು ಮರುದಿನ ಚಿತ್ರಗಳೊಂದಿಗೆ ತಿಳಿಸಿತು. ಅಂದಿನಿಂದ ನಾನು ಹೇಳುತ್ತಾ ಬಂದಿರುವ ಮಾತು ಒಂದೇ: ದೇಶಗಳನ್ನು ಎಣಿಸಬೇಡಿ, ರಾತ್ರಿಗಳನ್ನು ಎಣಿಸಿ.

ಲೆಕ್ಕಕ್ಕಾಗಿ ಪ್ರತಿ ರಾತ್ರಿಯೂ ಕಾಣುವ ಸಾಧ್ಯತೆ ಅರ್ಧ ಎಂದು ಇಟ್ಟುಕೊಳ್ಳೋಣ. ಒಂದೇ ರಾತ್ರಿ ಇದ್ದರೆ ನಾಣ್ಯ ಚಿಮ್ಮಿದಂತೆ. ನಾಲ್ಕು ರಾತ್ರಿ ಇದ್ದರೆ ಒಮ್ಮೆಯಾದರೂ ಕಾಣುವ ಸಾಧ್ಯತೆ ಹದಿನಾರರಲ್ಲಿ ಹದಿನೈದಕ್ಕೆ ಏರುತ್ತದೆ. ಮೋಡ ಕವಿದರೆ ಎರಡು ಮೂರು ದಿನ ಅಲ್ಲೇ ನಿಲ್ಲುವುದೂ ಉಂಟು, ಆದ್ದರಿಂದ ನಿಜವಾದ ಅಂಕೆ ಇದಕ್ಕಿಂತ ಕಡಿಮೆ. ಅದಕ್ಕಾಗಿಯೇ ನಾಲ್ಕು ಕನಿಷ್ಠ, ಐದಾರು ಉತ್ತಮ ಎನ್ನುತ್ತೇನೆ.

ಇನ್ನು ಡಿಸೆಂಬರ್. ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ನಡು ಮಧ್ಯಾಹ್ನ ಕೆಲವು ತಾಸು ನೀಲಿ ಮುಸ್ಸಂಜೆಯಂಥ ಬೆಳಕಿರುತ್ತದೆ. ರಾತ್ರಿ ದೀರ್ಘವಾಗಿರುವುದರಿಂದ ಡಿಸೆಂಬರೇ ಶ್ರೇಷ್ಠ ಎಂದು ಹಲವರು ಭಾವಿಸುತ್ತಾರೆ, ಆದರೆ ಅದು ಆ ಪ್ರದೇಶದಲ್ಲಿ ಮೋಡ ಹೆಚ್ಚಿರುವ ಕಾಲ. ಕ್ರಿಸ್‌ಮಸ್ ವಾರದಲ್ಲಿ ಹೋಟೆಲ್ ದರ ತುತ್ತತುದಿಗೆ ಏರಿರುತ್ತದೆ, 24ರಿಂದ 26ರವರೆಗೆ ಅಂಗಡಿ, ಉಪಾಹಾರಗೃಹಗಳು ಅನೇಕ ಕಡೆ ಮುಚ್ಚಿರುತ್ತವೆ. ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಆಕಾಶ ತೆರೆದಿರುವ ರಾತ್ರಿಗಳು ಹೆಚ್ಚು, ಹಗಲಿಗೂ ಬೇಕಾದಷ್ಟು ಬೆಳಕಿರುತ್ತದೆ, ಹಿಮವೂ ಗಟ್ಟಿಯಾಗಿರುತ್ತದೆ. ಮೇಲಾಗಿ ಹಗಲು ರಾತ್ರಿ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ, ಸೌರಮಾರುತದ ಕಾಂತಕ್ಷೇತ್ರವೂ ಭೂಮಿಯ ಕಾಂತಕ್ಷೇತ್ರವೂ ಸೇರಿಕೊಳ್ಳಲು ಅನುಕೂಲವಾದ ಕೋನ ಒದಗುವುದರಿಂದ, ಧ್ರುವಪ್ರಭೆಯ ಚಟುವಟಿಕೆ ಸರಾಸರಿಯಾಗಿ ಹೆಚ್ಚುತ್ತದೆ.

ವಾರ್ಷಿಕೋತ್ಸವವನ್ನು ಡಿಸೆಂಬರಿನಲ್ಲಿ ಮನೆಯವರೊಂದಿಗೆ ಹೋಳಿಗೆ ಊಟ ಮಾಡಿ ಆಚರಿಸಿ, ಪ್ರವಾಸವನ್ನು ಎರಡು ತಿಂಗಳು ಮುಂದಕ್ಕೆ ಹಾಕಿ ಎಂಬುದು ನನ್ನ ಸಲಹೆ. ಡಿಸೆಂಬರೇ ಆಗಬೇಕೆಂದಿದ್ದರೆ ಉಳಿದ ಮೂರು ದೇಶಗಳನ್ನು ಬಿಟ್ಟು ಉತ್ತರದಲ್ಲೇ ಆರು ರಾತ್ರಿ ಉಳಿಯಿರಿ.

ಪ್ರಶ್ನೆ: ಟ್ರೋಮ್ಸೊ, ಅಬಿಸ್ಕೊ, ರೊವಾನಿಯೆಮಿ, ಐಸ್‌ಲ್ಯಾಂಡ್ ಎಂದು ನಾಲ್ಕು ಹೆಸರು ಕೇಳಿ ಗೊಂದಲವಾಗಿದೆ. ನಾವು ನಾಲ್ವರು, ಇಬ್ಬರು ಮಕ್ಕಳು. ಎಲ್ಲಿಗೆ ಹೋಗಬೇಕು? ಅಲ್ಲಿ ಕಾರು ಬಾಡಿಗೆಗೆ ಪಡೆದು ನಾವೇ ಓಡಿಸಬಹುದೇ?
— ಎಂಜಿನಿಯರ್, ಮೈಸೂರು

ಉತ್ತರ: ಬೆಳಕು ನೋಡುವುದೊಂದೇ ಗುರಿಯಾಗಿದ್ದರೆ ನನ್ನ ಮತ ಸ್ವೀಡನ್ನಿನ ಅಬಿಸ್ಕೊಗೆ. ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಗಾಳಿ ನಾರ್ವೆಯ ಗಡಿಯ ಪರ್ವತಗಳನ್ನು ಏರುವಾಗಲೇ ಮಳೆ, ಹಿಮ ಸುರಿಸಿ ಒಣಗಿಬಿಡುತ್ತದೆ. ಪರ್ವತದ ಈಚೆಗಿರುವ ಅಬಿಸ್ಕೊಗೆ ಬೀಳುವ ಮಳೆ ಮತ್ತು ಹಿಮ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಾತ್ರ. ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ಮಳೆ ಸುರಿಯುತ್ತಿರುವಾಗ ಘಟ್ಟದಾಚೆಯ ಚಿತ್ರದುರ್ಗ ಒಣಗಿರುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಪಕ್ಕದಲ್ಲೇ ಟೋರ್ನೆಟ್ರೆಸ್ಕ್ ಎಂಬ ಸುಮಾರು 70 ಕಿಲೋಮೀಟರ್ ಉದ್ದದ ಸರೋವರವಿದೆ. ಸುತ್ತಲೂ ಮೋಡವಿದ್ದಾಗಲೂ ಅದರ ಮೇಲಿನ ಆಕಾಶ ಆಗಾಗ ತೆರೆದುಕೊಳ್ಳುವುದರಿಂದ ಅದಕ್ಕೆ ‘ನೀಲಿ ಕಿಂಡಿ’ ಎಂಬ ಹೆಸರೇ ಬಿದ್ದಿದೆ. ಆದರೆ ಅಬಿಸ್ಕೊ ತೀರ ಸಣ್ಣ ಊರು, ತಂಗುವ ಜಾಗಗಳು ಕೆಲವೇ, ಫೆಬ್ರವರಿ–ಮಾರ್ಚ್‌ಗೆ ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಸ್ಟಾಕ್‌ಹೋಮಿನಿಂದ ಕಿರುನಾ ಮೂಲಕ ನಾರ್ವಿಕ್‌ಗೆ ಹೋಗುವ ರಾತ್ರಿ ರೈಲು ಅಬಿಸ್ಕೊದಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ಆ ರೈಲು ಪ್ರಯಾಣವೇ ಒಂದು ಪ್ರವಾಸವಾದೀತು.

ಟ್ರೋಮ್ಸೊದ ಅನುಕೂಲ ಬೇರೆ. ಅದು ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯ, ಕೇಬಲ್ ಕಾರ್ ಎಲ್ಲವೂ ಇರುವ ನಗರ. ಬೆಚ್ಚಗಿನ ಸಾಗರ ಪ್ರವಾಹದ ಕೃಪೆಯಿಂದ ಜನವರಿಯಲ್ಲೂ ಸರಾಸರಿ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ ಮಾತ್ರ ಇರುತ್ತದೆ. ಕರಾವಳಿಯಾದ್ದರಿಂದ ಮೋಡ ಹೆಚ್ಚು, ಆದರೆ ಮೋಡವಿಲ್ಲದ ಜಾಗ ಹುಡುಕಿಕೊಂಡು ಒಳನಾಡಿಗೆ ಹೋಗುವ ಬಸ್ಸು, ವ್ಯಾನುಗಳು ಪ್ರತಿ ಸಂಜೆಯೂ ಹೊರಡುತ್ತವೆ. ಕೆಲವು ರಾತ್ರಿ ಅವು ಸುಮಾರು 160 ಕಿಲೋಮೀಟರ್ ದೂರದ ಫಿನ್‌ಲ್ಯಾಂಡ್ ಗಡಿಯವರೆಗೂ, ಕಿಲ್ಪಿಸ್‌ಯಾರ್ವಿಯ ಕಡೆಗೂ ಹೋಗುವುದುಂಟು. ಆದ್ದರಿಂದ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಡದೆ ಜೇಬಿನಲ್ಲೇ ಇಟ್ಟುಕೊಳ್ಳಿ. ದೊಡ್ಡ ಬಸ್ಸಿಗಿಂತ ಎಂಟು ಹತ್ತು ಜನರ ವ್ಯಾನು ದುಬಾರಿ, ಆದರೆ ಅದು ಹೆಚ್ಚು ದೂರ ಹೋಗುತ್ತದೆ, ಹೆಚ್ಚು ಹೊತ್ತು ಕಾಯುತ್ತದೆ. ಇಡೀ ಪ್ರವಾಸದಲ್ಲಿ ಒಂದು ಕಡೆ ಕೈ ಬಿಚ್ಚಿ ಖರ್ಚು ಮಾಡುವುದಾದರೆ ಅಲ್ಲಿ ಮಾಡಿ.

ಫಿನ್‌ಲ್ಯಾಂಡಿನ ರೊವಾನಿಯೆಮಿ ಆರ್ಕ್ಟಿಕ್ ವೃತ್ತದ ಅಂಚಿನಲ್ಲಿದೆ, ಸಾಂಟಾ ಕ್ಲಾಸ್ ಗ್ರಾಮದ ಕಾರಣ ಮಕ್ಕಳಿಗೆ ಪ್ರಿಯ. ಧ್ರುವಪ್ರಭೆಗಾಗಿ ಅಲ್ಲಿಂದ ಇನ್ನೂ ಉತ್ತರಕ್ಕೆ, ಸಾರಿಸೆಲ್ಕೆ ಅಥವಾ ಇನಾರಿಗೆ ಹೋಗಿ ಉಳಿಯುವುದು ಮೇಲು. ಐಸ್‌ಲ್ಯಾಂಡ್ ಅತ್ಯಂತ ಸುಂದರ ದೇಶ, ಆದರೆ ಚಳಿಗಾಲದಲ್ಲಿ ಅಲ್ಲಿನ ಹವಾಮಾನ ತಾಸಿಗೊಂದು ಬಗೆ, ಗಾಳಿಯ ರಭಸಕ್ಕೆ ರಸ್ತೆಗಳೇ ಮುಚ್ಚುತ್ತವೆ. ಜಲಪಾತ, ಬಿಸಿನೀರ ಬುಗ್ಗೆಗಳನ್ನು ನೋಡಲು ಹೋಗಿ, ಧ್ರುವಪ್ರಭೆ ಕಂಡರೆ ಪುಣ್ಯ ಎಂದುಕೊಳ್ಳಿ.

ಕಾರಿನ ವಿಷಯ: ಬೇಡ. ನಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿ ಇದ್ದರೆ ಕಾನೂನಿನ ಅಡ್ಡಿ ಇರಲಿಕ್ಕಿಲ್ಲ. ಆದರೆ ಗಾಜಿನಂತೆ ಹೆಪ್ಪುಗಟ್ಟಿದ ರಸ್ತೆ, ಕಗ್ಗತ್ತಲು, ಬೆಳಕಿನ ಮುಂದೆ ಥಟ್ಟನೆ ನಿಂತುಬಿಡುವ ಹಿಮಸಾರಂಗ, ಇವೆಲ್ಲದರ ನಡುವೆ ಕಣ್ಣು ಮೇಲಿನ ಆಕಾಶದ ಕಡೆ. ಮಕ್ಕಳನ್ನು ಕೂರಿಸಿಕೊಂಡು ಮೊದಲ ಬಾರಿಗೆ ಹಿಮದಲ್ಲಿ ಓಡಿಸುವವರು ಕಲಿಯಬೇಕಾದ ಜಾಗ ಅದಲ್ಲ.

ಪ್ರಶ್ನೆ: ಸೂರ್ಯನ ಚಟುವಟಿಕೆಯ ಗರಿಷ್ಠ ಕಾಲ 2024ರಲ್ಲೇ ಬಂತು ಎಂದು ಓದಿದೆ. ಹಾಗಾದರೆ ಇನ್ನು ಮುಂದೆ ಹೋಗುವವರಿಗೆ ಪ್ರಯೋಜನವಿಲ್ಲವೇ? ಭಾರತದಿಂದಲೇ ಧ್ರುವಪ್ರಭೆ ಕಾಣುತ್ತದೆ ಎನ್ನುವುದು ನಿಜವೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಪುತ್ತೂರು

ಉತ್ತರ: ನೀವು ಓದಿದ್ದು ಸರಿ. ಸೂರ್ಯನ ಕಲೆಗಳು ಸರಾಸರಿ ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. ಈಗಿನದು ಎಣಿಕೆಯಲ್ಲಿ 25ನೆಯ ಚಕ್ರ. ಅದು 2019ರ ಡಿಸೆಂಬರಿನಲ್ಲಿ ಆರಂಭವಾಯಿತು. ಸೂರ್ಯ ಗರಿಷ್ಠ ಹಂತವನ್ನು ತಲುಪಿದ್ದಾನೆಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ಸಾಗರ-ವಾತಾವರಣ ಸಂಸ್ಥೆ ನೋವಾ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದವು. ಆದರೆ ಚಕ್ರ ಇಳಿಮುಖವಾದ ವರ್ಷಗಳೂ ಧ್ರುವಪ್ರಭೆಗೆ ಒಳ್ಳೆಯವೇ. ಆ ಕಾಲದಲ್ಲಿ ಸೂರ್ಯನ ಹೊರಕವಚದ ರಂಧ್ರಗಳಿಂದ ವೇಗದ ಸೌರಮಾರುತ ಹೊರಬರುತ್ತದೆ. ಸೂರ್ಯ ತನ್ನ ಸುತ್ತ ತಿರುಗುವಂತೆ ಅದೇ ಮಾರುತ ಸುಮಾರು 27 ದಿನಗಳಿಗೊಮ್ಮೆ ನಮ್ಮತ್ತ ಮರಳುತ್ತದೆ. ಧ್ರುವಪ್ರಭೆಯ ಬಳೆಯ ಕೆಳಗೇ ಇರುವ ಊರುಗಳಿಗೆ ಮಹಾ ಬಿರುಗಾಳಿ ಬೇಕಿಲ್ಲ. ಭೂಕಾಂತ ಚಟುವಟಿಕೆಯನ್ನು 0ಯಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ ಒಂದೋ ಎರಡೋ ಇದ್ದರೂ ಟ್ರೋಮ್ಸೊದಲ್ಲಿ, ಅಬಿಸ್ಕೊದಲ್ಲಿ ಬೆಳಕು ಕಾಣಬಹುದು. ಮೊಬೈಲಿನಲ್ಲಿ ಕೆಪಿ ಅಂಕೆ ಕಡಿಮೆ ತೋರಿಸಿತೆಂದು ಹಾಸಿಗೆ ಸೇರಿದವರು ಬೆಳಿಗ್ಗೆ ಪಕ್ಕದ ಕೋಣೆಯವರ ಚಿತ್ರ ನೋಡಿ ಪರಿತಪಿಸಿದ್ದನ್ನು ಕಂಡಿದ್ದೇನೆ. ಆ ಅಂಕೆಗಿಂತ ಮೋಡದ ಮುನ್ಸೂಚನೆ ಮುಖ್ಯ. ನಾರ್ವೆಯ ಹವಾಮಾನ ಇಲಾಖೆಯ ವೈಆರ್ ಆ್ಯಪ್‌ನಲ್ಲಿ ತಾಸುತಾಸಿನ ಮೋಡದ ವಿವರ ಸಿಗುತ್ತದೆ.

ಭಾರತದ ಪ್ರಶ್ನೆಗೆ ಉತ್ತರ ಹೇಳುವಾಗ ನಮ್ಮ ರಾಜ್ಯದ ಸಂಸ್ಥೆಯೊಂದರ ಹೆಸರು ಬರುವುದು ಸಂತೋಷದ ವಿಷಯ. 2024ರ ಮೇ 10–11ರ ಮಹಾ ಕಾಂತಬಿರುಗಾಳಿಯ ರಾತ್ರಿ, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ವೀಕ್ಷಣಾಲಯದ ಕ್ಯಾಮೆರಾ ಉತ್ತರದ ದಿಗಂತದಲ್ಲಿ ಕೆಂಪು ಹೊಳಪನ್ನು ಸೆರೆಹಿಡಿಯಿತು. ಆ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿ ಹಸಿರು ಕಾಣದೆ ಕೆಂಪು ಮಾತ್ರ ಕಂಡದ್ದಕ್ಕೆ ಕಾರಣವಿದೆ. ಹಸಿರು ಹೊಮ್ಮುವುದು 100–150 ಕಿಲೋಮೀಟರ್ ಎತ್ತರದಲ್ಲಿ, ಕೆಂಪು 200 ಕಿಲೋಮೀಟರಿಗಿಂತ ಮೇಲೆ. ದೂರದ ದಕ್ಷಿಣದಲ್ಲಿ ನಿಂತವರಿಗೆ ಭೂಮಿಯ ಗುಂಡುತನದ ಮರೆಯಿಂದ ಆ ಪರದೆಯ ನೆತ್ತಿಯಷ್ಟೇ ಇಣುಕುತ್ತದೆ. ಇಂಥದ್ದು ಎಂದೋ ಒಮ್ಮೆ ಆಗುವಂಥದ್ದು, ಅದನ್ನು ನೆಚ್ಚಿ ಲಡಾಖಿಗೆ ಟಿಕೆಟ್ ಕೊಳ್ಳುವಂತಿಲ್ಲ. ನೀವು ವಿಜ್ಞಾನದ ವಿದ್ಯಾರ್ಥಿನಿಯಾದ್ದರಿಂದ ಇನ್ನೊಂದು ಮಾತು: ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಿಂದ 2024ರ ಜನವರಿಯಿಂದ ಸೂರ್ಯನನ್ನು ನೋಡುತ್ತಿರುವ ನಮ್ಮ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಜೋಡಿಸಿದ್ದು ಇದೇ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ. ಪುತ್ತೂರಿನಿಂದ ಹೊಸಕೋಟೆಗೆ ವೀಸಾ ಬೇಕಿಲ್ಲ.

ಪ್ರಶ್ನೆ: ನಾನು ಶಿಕ್ಷಕ. ಏಪ್ರಿಲ್–ಮೇ ರಜೆಯಲ್ಲಿ ಹೋಗಬಹುದೇ?
— ಓದುಗರು, ಶಿರಸಿ

ಉತ್ತರ: ಆಗುವುದಿಲ್ಲ. ಏಪ್ರಿಲ್ ಮಧ್ಯದ ಹೊತ್ತಿಗೇ ಅಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದು ನಿಂತುಬಿಡುತ್ತದೆ, ಮೇ ಕೊನೆಯಿಂದ ಜುಲೈ ಕೊನೆಯವರೆಗೆ ಟ್ರೋಮ್ಸೊದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆದರೆ ನಿಮ್ಮ ದಸರಾ ರಜೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಕ್ಟೋಬರಿನಲ್ಲಿ ಕತ್ತಲು ಸಾಕಷ್ಟಿರುತ್ತದೆ, ಚಳಿ ಇನ್ನೂ ಹದವಾಗಿರುತ್ತದೆ, ಸರೋವರಗಳು ಹೆಪ್ಪುಗಟ್ಟದೆ ಇರುವುದರಿಂದ ಬೆಳಕು ನೀರಿನಲ್ಲೂ ಕಾಣುತ್ತದೆ. ಹಿಮದ ಬಂಡಿ, ಸ್ಕೀ ಮುಂತಾದವು ಮಾತ್ರ ಆಗ ಇರುವುದಿಲ್ಲ.

ಪ್ರಶ್ನೆ: ನನಗೆ ಅರವತ್ತೇಳು ವರ್ಷ. ಸಕ್ಕರೆ ಕಾಯಿಲೆ ಇದೆ, ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಮೊಣಕಾಲು ನೋವೂ ಉಂಟು. ಸ್ಟಾಕ್‌ಹೋಮಿನಲ್ಲಿರುವ ಮಗಳು ಫೆಬ್ರವರಿಯಲ್ಲಿ ಉತ್ತರಕ್ಕೆ ಕರೆದೊಯ್ಯುತ್ತೇನೆ ಎನ್ನುತ್ತಾಳೆ. ಧಾರವಾಡದ ಚಳಿಗೇ ಸ್ವೆಟರ್ ಹಾಕುವವಳು ನಾನು. ಹೋಗಲು ಸಾಧ್ಯವೇ?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ನಿಮ್ಮ ವೈದ್ಯರು ಹೃದಯ ಮತ್ತು ಪಾದಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ ಖಂಡಿತ ಹೋಗಿ ಬನ್ನಿ, ಅಮ್ಮ. ನಿಮ್ಮ ವಯಸ್ಸಿನ ಎಷ್ಟೋ ಮಂದಿಯನ್ನು ಅಲ್ಲಿ ಕಂಡಿದ್ದೇನೆ. ಮನೆ, ಹೋಟೆಲು, ರೈಲು ಎಲ್ಲವೂ ಒಳಗೆ ಇಪ್ಪತ್ತು ಡಿಗ್ರಿಯಷ್ಟು ಬೆಚ್ಚಗಿರುತ್ತವೆ. ಚಳಿ ಎದುರಿಸಬೇಕಾದದ್ದು ಹೊರಗೆ ನಿಂತು ಕಾಯುವ ತಾಸು, ಎರಡು ತಾಸು ಮಾತ್ರ. ಅಬಿಸ್ಕೊದಲ್ಲಿ ಫೆಬ್ರವರಿಯ ರಾತ್ರಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವುದು ಸಾಮಾನ್ಯ, ಕೆಲವೊಮ್ಮೆ ಇಪ್ಪತ್ತೈದರವರೆಗೂ ಇಳಿಯುತ್ತದೆ.

ಬಟ್ಟೆಯ ಗುಟ್ಟು ದಪ್ಪದಲ್ಲಿಲ್ಲ, ಪದರಗಳಲ್ಲಿದೆ. ಮೈಗೆ ಅಂಟಿಕೊಳ್ಳುವ ಉಣ್ಣೆಯ ಒಳಉಡುಪು, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ನುಗ್ಗದ ಕೋಟು. ಹತ್ತಿ ಬಟ್ಟೆ ಮೈಗೆ ತಾಗುವಂತೆ ಬೇಡವೇ ಬೇಡ. ಅದು ಬೆವರು ಹೀರಿ ಒದ್ದೆಯಾಗಿ ಮೈಯನ್ನೇ ತಣ್ಣಗಾಗಿಸುತ್ತದೆ. ಹೊರಗೆ ಹೋಗುವಾಗ ಸೀರೆಯ ಬದಲು ಸಲ್ವಾರನ್ನೋ ಪ್ಯಾಂಟನ್ನೋ ತೊಡಿ. ಹೊರಗಿನ ದಪ್ಪ ಸೂಟು ಮತ್ತು ಬೂಟನ್ನು ರಾತ್ರಿ ಪ್ರವಾಸ ನಡೆಸುವವರು ಬಹಳ ಕಡೆ ತಾವೇ ಕೊಡುತ್ತಾರೆ, ಇಲ್ಲಿಂದ ಕೊಂಡುಹೋಗುವ ಮೊದಲು ಮಗಳಿಗೆ ವಿಚಾರಿಸಲು ಹೇಳಿ. ಬೂಟು ಒಂದು ಅಳತೆ ದೊಡ್ಡದಿರಲಿ. ಎರಡು ಜೊತೆ ಕಾಲುಚೀಲ ತುರುಕಿ ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲು ನೋವಿರುವ ನಿಮಗೆ ಚಳಿಗಿಂತ ದೊಡ್ಡ ಅಪಾಯ ಜಾರುವುದು. ಬೂಟಿನ ತಳಕ್ಕೆ ರಬ್ಬರಿನಿಂದ ಸಿಕ್ಕಿಸುವ ಮೊಳೆಪಟ್ಟಿಗಳು ಅಲ್ಲಿನ ಸಾಮಾನ್ಯ ಅಂಗಡಿಗಳಲ್ಲೇ ಸಿಗುತ್ತವೆ, ಇಳಿದ ದಿನವೇ ಕೊಂಡು ಹಾಕಿಕೊಳ್ಳಿ. ಮಗಳ ತೋಳು ಹಿಡಿದು, ಹೆಜ್ಜೆ ಚಿಕ್ಕದಾಗಿಟ್ಟು, ಪಾದವನ್ನು ಚಪ್ಪಟೆಯಾಗಿ ಊರಿ ನಡೆಯಿರಿ.

ಇನ್ಸುಲಿನ್ ವಿಷಯದಲ್ಲಿ ಮಾತ್ರ ತೀರ ಎಚ್ಚರವಾಗಿರಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಬಳಸುವಂತಿಲ್ಲ. ವಿಮಾನದಲ್ಲಿ ಲಗೇಜಿಗೆ ಹಾಕದೆ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಹೊರಗೆ ಹೋಗುವಾಗ ಕೋಟಿನ ಜೇಬಿನಲ್ಲಲ್ಲ, ಸ್ವೆಟರಿನ ಒಳಗೆ ಮೈಗೆ ಹತ್ತಿರವಾಗಿ ಇರಲಿ. ಸಕ್ಕರೆ ಅಳೆಯುವ ಯಂತ್ರವೂ ಕಡುಚಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಒಳಗೆ ಬಂದು ಅದು ಬೆಚ್ಚಗಾದ ಮೇಲೆ ನೋಡಿ. ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿದ್ದರೆ ಚಳಿ ಕಚ್ಚುವುದೂ ತಿಳಿಯುವುದಿಲ್ಲ, ಶಾಖದ ಪೊಟ್ಟಣ ಇಟ್ಟರೆ ಚರ್ಮ ಸುಡುವುದೂ ತಿಳಿಯುವುದಿಲ್ಲ. ಹಾಗಾಗಿ ಬೂಟಿನೊಳಗೆ ಆ ಪೊಟ್ಟಣ ಬೇಡ. ಅರ್ಧ ತಾಸಿಗೊಮ್ಮೆ ಒಳಗೆ ಬನ್ನಿ, ಮಲಗುವ ಮುನ್ನ ಬೆರಳುಗಳನ್ನು ಮಗಳಿಗೆ ತೋರಿಸಿ. ಊಟದ ಹೊತ್ತು ಏರುಪೇರಾಗುವ ರಾತ್ರಿಗಳವು, ಜೇಬಿನಲ್ಲಿ ಗ್ಲೂಕೋಸ್ ಬಿಸ್ಕತ್ತು ಇರಲಿ. ಊರ ಬೆಳಕಿಲ್ಲದ ಕಡೆ, ಕಿಟಕಿಯಿಂದ ಉತ್ತರದ ಆಕಾಶ ಕಾಣುವ ಕೋಣೆ ಸಿಕ್ಕರೆ ಕಾಯುವ ಕೆಲಸ ಮಗಳದು, ಕರೆದಾಗ ಹೊರಗೆ ಬರುವುದಷ್ಟೇ ನಿಮ್ಮದು.

ಪ್ರಶ್ನೆ: ವೀಸಾಕ್ಕೆ ಎಷ್ಟು ಮೊದಲು ಅರ್ಜಿ ಹಾಕಬೇಕು?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ನಾಲ್ಕಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಅರ್ಜಿ ಕೊಡುವ ದಿನಾಂಕ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳು ಮೊದಲೇ ಕೈಹಾಕಿ. ಹೆಚ್ಚು ರಾತ್ರಿ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, ರಾತ್ರಿಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. 2024ರ ಜೂನಿನಲ್ಲಿ ನಿಗದಿಯಾದ ಶುಲ್ಕ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೋಗುವವರು ಒಂದು ಮಾತು ನೆನಪಿಡಬೇಕು. ಅವು ಶೆಂಗೆನ್ ವಲಯದ ಹೊರಗಿವೆ, ಅಲ್ಲಿಂದ ಮರಳಿ ನಾರ್ವೆಗೆ ಬರಲು ಎರಡು ಬಾರಿ ಪ್ರವೇಶಿಸಬಹುದಾದ ವೀಸಾ ಬೇಕು. ವೀಸಾ ಕೈಗೆ ಬರುವ ಮೊದಲು ಹಣ ವಾಪಸಾಗದ ಯಾವ ಬುಕಿಂಗನ್ನೂ ಮಾಡಬೇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ತಿನ್ನಲು ಏನು ಒಯ್ಯಬಹುದು?
— ಗೃಹಿಣಿ, ಉಡುಪಿ

ಉತ್ತರ: ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಬೇಳೆ, ಅಕ್ಕಿ ಇವು ಸಾಕು. ತುಪ್ಪ, ಪೇಡ, ಹಾಲಿನ ಪುಡಿ ಬೇಡ, ಏಕೆಂದರೆ ಯುರೋಪಿನ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಹಾಲು, ಮೊಸರು, ಬೆಣ್ಣೆ ಅಲ್ಲಿ ಧಾರಾಳವಾಗಿ ಸಿಗುತ್ತವೆ. ಅಡುಗೆಮನೆ ಇರುವ ಕೋಣೆ ಹಿಡಿದರೆ ಖರ್ಚೂ ಉಳಿಯುತ್ತದೆ, ರಾತ್ರಿ ಒಂದು ಗಂಟೆಗೆ ಹೆಪ್ಪುಗಟ್ಟಿ ಬಂದವರಿಗೆ ಬಿಸಿ ಸಾರೂ ಸಿಗುತ್ತದೆ.

ಪ್ರಶ್ನೆ: ಕಳೆದ ವರ್ಷ ಹೋಗಿ ಬಂದ ನಮ್ಮ ಭಾವ, ಕಣ್ಣಿಗೆ ಕಂಡದ್ದು ಬೂದು ಮೋಡದಂಥದ್ದು, ಹಸಿರು ಬಂದದ್ದು ಮೊಬೈಲಿನಲ್ಲಿ ಮಾತ್ರ ಎನ್ನುತ್ತಾರೆ. ಚಿತ್ರಗಳೆಲ್ಲ ಸುಳ್ಳೇ? ಒಳ್ಳೆಯ ಚಿತ್ರ ತೆಗೆಯುವುದು ಹೇಗೆ?
— ಛಾಯಾಗ್ರಹಣ ಹವ್ಯಾಸಿ, ತುಮಕೂರು

ಉತ್ತರ: ನಿಮ್ಮ ಭಾವ ಹೇಳಿದ್ದೂ ನಿಜ, ಚಿತ್ರಗಳೂ ಸುಳ್ಳಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗ್ರಹಿಸುವ ಕೋಶಗಳು ಕೆಲಸ ಮಾಡುವುದಿಲ್ಲ, ಬೆಳಕು ಕತ್ತಲೆಯನ್ನಷ್ಟೇ ಗುರುತಿಸುವ ಕೋಶಗಳು ಮಾಡುತ್ತವೆ. ಕ್ಯಾಮೆರಾ ಹಲವು ಸೆಕೆಂಡು ಬೆಳಕನ್ನು ಕೂಡಿಹಾಕುವುದರಿಂದ ಬಣ್ಣ ಹೊರಬರುತ್ತದೆ. ಪ್ರಭೆ ಪ್ರಖರವಾದಾಗ ಮಾತ್ರ ಹಸಿರು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಅಬಿಸ್ಕೊದಲ್ಲಿ ಒಂದು ಫೆಬ್ರವರಿ ರಾತ್ರಿ ಹೆಪ್ಪುಗಟ್ಟಿದ ಸರೋವರದ ಅಂಚಿನಲ್ಲಿ ನಿಂತಿದ್ದೆ. ಒಂಬತ್ತೂವರೆಯ ಹೊತ್ತಿಗೆ ಉತ್ತರದ ಬೆಟ್ಟಸಾಲಿನ ಮೇಲೆ ಬಿಲ್ಲಿನಂತೆ ಬಾಗಿದ ಬೂದುಪಟ್ಟಿಯೊಂದು ಕಂಡಿತು. ತೆಳುಮೋಡವೆಂದೇ ಅಂದುಕೊಂಡೆ. ಆದರೆ ಅದರ ಹಿಂದಿನ ನಕ್ಷತ್ರಗಳು ಒಂದಿಷ್ಟೂ ಮಸುಕಾಗದೆ ಹೊಳೆಯುತ್ತಿದ್ದವು, ಮೋಡಕ್ಕೂ ಧ್ರುವಪ್ರಭೆಗೂ ಇರುವ ವ್ಯತ್ಯಾಸ ಅದೇ. ಮುಕ್ಕಾಲು ತಾಸು ಏನೂ ಆಗಲಿಲ್ಲ, ಜೊತೆಗಿದ್ದವರಲ್ಲಿ ನಾಲ್ವರು ಒಳಗೆ ಹೋದರು. ಆಮೇಲೆ ಪಟ್ಟಿಯ ಕೆಳ ಅಂಚು ಪೂರ್ವದ ಕಡೆಯಿಂದ ಹೊತ್ತಿಕೊಂಡಿತು. ಕೊಡವಿದ ಸೀರೆಯ ನಿರಿಗೆಗಳಂತೆ ಅದು ಮಡಚಿ ಬಿಚ್ಚಿ ನಡುನೆತ್ತಿಗೆ ಏರಿತು, ಅಂಚಿನಲ್ಲಿ ಕ್ಷಣಕಾಲ ಗುಲಾಬಿ ಬಣ್ಣ ಓಡಿತು. ಹಿಮದ ಮೇಲೆಲ್ಲ ಹಸಿರು ಬೆಳಕು. ನನ್ನ ಕೈಗವಸಿನ ಹೊಲಿಗೆಗಳು ಒಂದೊಂದಾಗಿ ಕಾಣುತ್ತಿದ್ದವು. ಐದಾರು ನಿಮಿಷದಲ್ಲಿ ಎಲ್ಲ ಮುಗಿದು, ಆಕಾಶದ ತುಂಬ ಉಸಿರಾಡುವಂತೆ ಮಿನುಗಿ ಮಾಯವಾಗುವ ಮಸುಕು ತೇಪೆಗಳು ಉಳಿದವು. ನಿಮ್ಮ ಭಾವ ನೋಡಿದ್ದು ಬಹುಶಃ ಮೊದಲಿನ ಬಿಲ್ಲನ್ನೋ ಕೊನೆಯ ತೇಪೆಗಳನ್ನೋ ಇರಬೇಕು. ಈ ಏರಿಳಿತ ಎರಡು ಮೂರು ತಾಸಿಗೊಮ್ಮೆ ಮರುಕಳಿಸುವುದುಂಟು, ಆದ್ದರಿಂದ ರಾತ್ರಿ ಒಂಬತ್ತರಿಂದ ಎರಡರವರೆಗೆ ಕಾಯಲು ಮನಸ್ಸು ಮಾಡಿಕೊಂಡು ಹೋಗಿ.

ಚಿತ್ರಕ್ಕೆ ಮುಕ್ಕಾಲಿ ಬೇಕೇ ಬೇಕು. ಮೊಬೈಲಾದರೆ ನೈಟ್ ಮೋಡ್ ಹಾಕಿ, ಮೂರು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಿರಿ. ಕ್ಯಾಮೆರಾವಾದರೆ ಅಗಲ ಲೆನ್ಸು, ಎಫ್ 2.8, ಐಎಸ್‌ಒ 1600ರಿಂದ 3200, ಐದರಿಂದ ಹತ್ತು ಸೆಕೆಂಡು. ಪ್ರಭೆ ವೇಗವಾಗಿ ಕುಣಿಯತೊಡಗಿದರೆ ಎರಡು ಸೆಕೆಂಡಿಗೆ ಇಳಿಸಿ, ಇಲ್ಲವಾದರೆ ನಿರಿಗೆಗಳೆಲ್ಲ ಕಲಸಿಹೋಗುತ್ತವೆ. ಫೋಕಸನ್ನು ಕೈಯಿಂದಲೇ ಹೊಳೆಯುವ ನಕ್ಷತ್ರವೊಂದಕ್ಕೆ ಹೊಂದಿಸಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದು ಒಳಜೇಬಿನಲ್ಲಿ ಬೆಚ್ಚಗಿರಲಿ. ಒಳಗೆ ಬರುವ ಮುನ್ನ ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ತಾಸೆರಡು ತಾಸು ಬಿಚ್ಚಬೇಡಿ. ಬಿಚ್ಚಿದರೆ ಲೆನ್ಸಿನ ಒಳಗೂ ನೀರಹನಿ ಕೂರುತ್ತದೆ. ಮತ್ತೊಂದು ಕೋರಿಕೆ: ಬೆಳಕು ನೆತ್ತಿಗೆ ಬಂದ ಆ ಐದು ನಿಮಿಷ ಕ್ಯಾಮೆರಾ ಬಿಟ್ಟು ತಲೆಯೆತ್ತಿ ನೋಡಿ.

ಪ್ರಶ್ನೆ: ಅಲ್ಲಿನ ಜನ ಈ ಬೆಳಕಿನ ಬಗ್ಗೆ ಏನು ನಂಬುತ್ತಾರೆ?
— ಓದುಗರು, ಹೊನ್ನಾವರ

ಉತ್ತರ: ಫಿನ್ನಿಷ್ ಭಾಷೆಯಲ್ಲಿ ಇದಕ್ಕೆ ‘ರೆವೊಂಟುಲೆಟ್’, ಅಂದರೆ ನರಿಬೆಂಕಿ ಎಂದು ಹೆಸರು. ಓಡುವ ನರಿಯೊಂದು ಬಾಲದಿಂದ ಹಿಮವನ್ನು ಗುಡಿಸಿದಾಗ ಕಿಡಿ ಹಾರಿ ಆಕಾಶಕ್ಕೆ ಏರುತ್ತದೆಂಬುದು ಕಥೆ. ಕಥೆ ಹೀಗಾದರೆ, ಈ ಬೆಳಕಿನ ಹಿಂದೆ ಸೌರಕಣಗಳಿಗೂ ಭೂಮಿಯ ಕಾಂತಕ್ಷೇತ್ರಕ್ಕೂ ಇರುವ ಸಂಬಂಧವನ್ನು ಪ್ರಯೋಗದಿಂದ ತೋರಿಸಿದವರು ನಾರ್ವೆಯ ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲ್ಯಾಂಡ್. ಆಲ್ಟಾ ಊರಿನ ಬಳಿಯ ಹಾಲ್ಡೆ ಬೆಟ್ಟದ ತುದಿಯಲ್ಲಿ 1899ರಲ್ಲಿ ಅವರು ವೀಕ್ಷಣಾಲಯ ಕಟ್ಟಿಸಿ, ಚಳಿಗಾಲವಿಡೀ ಅಲ್ಲಿದ್ದು ಅಳತೆಗಳನ್ನು ತೆಗೆದರು. ಹಿಂದಿನ 200 ಕ್ರೋನರ್ ನೋಟಿನ ಮೇಲೆ ಅವರದೇ ಚಿತ್ರವಿತ್ತು. ಆ ನೆಲದ ಮೂಲನಿವಾಸಿಗಳಾದ, ಹಿಮಸಾರಂಗ ಸಾಕುವ ಸಾಮಿ ಜನರ ಹಿರಿಯರಲ್ಲಿ ಈ ಬೆಳಕಿನ ಎದುರು ಗದ್ದಲ ಮಾಡಬಾರದು, ಸಿಳ್ಳೆ ಹಾಕಿದರೆ ಅದು ಕೆಳಗಿಳಿದು ಬಂದು ಒಯ್ದುಬಿಡುತ್ತದೆ ಎಂಬ ನಂಬಿಕೆ ಇತ್ತು. ಈಗ ಅನೇಕ ಸಾಮಿ ಕುಟುಂಬಗಳು ಪ್ರವಾಸಿಗರನ್ನು ತಮ್ಮ ಗುಡಾರಕ್ಕೆ ಕರೆದು ಬೆಂಕಿಯ ಸುತ್ತ ಕೂರಿಸಿ ಇಂಥ ಕಥೆಗಳನ್ನು ಹೇಳುತ್ತವೆ. ಅಲ್ಲಿಗೆ ಹೋದಾಗ ಹೊರಗೆ ಬೆಳಕು ಕಂಡರೆ ಕೂಗಾಡದೆ, ಸಿಳ್ಳೆ ಹಾಕದೆ, ಅವರೊಂದಿಗೆ ಸುಮ್ಮನೆ ನಿಂತು ನೋಡಿ.